ಮುಂದಿನ ಚಕ್ರದ ಹೊಸ ಬ್ರೇಕು

ಗಂಡನ ಮನೆ ಬಿಟ್ಟು ತವರಿನಲ್ಲಿ ಕೂರುವ ಹೆಂಗಸರಿಗೆ ಅತ್ತೆ, ನಾದಿನಿ, ಒಡವೆ ಎಂದು ಗೌರವಸ್ಥ ಕಾರಣಗಳಿರುತ್ತವೆ. ನಾನು ಕೂತದ್ದು ಬ್ರೇಕಿನ ಕಾರಣಕ್ಕೆ. ಇದನ್ನು ಈಗಿನವರೇ ನಂಬುವುದಿಲ್ಲ. ಅರವತ್ತರ ದಶಕದಲ್ಲಿ ನನ್ನ ತವರು ಮದಲೂರಿನವರು ನಂಬಲಿಲ್ಲವೆಂದರೆ ಏನಾಶ್ಚರ್ಯ!

ನಮ್ಮ ಯಜಮಾನರು ಆಗ ಮಧುಗಿರಿಯಲ್ಲಿ ವಕೀಲರು. ಇಂಗ್ಲೆಂಡಿಗೆ ವಾಪಸು ಹೊರಟಿದ್ದ ದೊರೆಯೊಬ್ಬರಿಂದ ಎರಡೇ ಸೀಟಿನ, ತಲೆಯ ಮೇಲೆ ಸೂರಿಲ್ಲದ ಕೆಂಪು ಕಾರೊಂದನ್ನು ಕೊಂಡಿದ್ದರು. ಓಟದಲ್ಲಿ ಅದಕ್ಕೆ ಎಣೆಯಿರಲಿಲ್ಲ. ನಿಲ್ಲುವ ವಿಷಯದಲ್ಲಿ ಮಾತ್ರ ಅದು ಯಜಮಾನರ ವಾದದ ಹಾಗೆ. ಎಲ್ಲರೂ ಸಾಕು ಎಂದ ಮೇಲೂ ಇನ್ನಷ್ಟು ದೂರ ಹೋಗುತ್ತಿತ್ತು.

ಒಮ್ಮೆ ಮದಲೂರಿಗೆ ಹೋದಾಗ ನಮ್ಮಪ್ಪ ಕಾಲಿಗೆ ನೀರು ಕೊಡಲು ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಇವರು ಬ್ರೇಕು ತುಳಿದರು. ಕಾರು ಅಪ್ಪನನ್ನು ದಾಟಿತು, ಮಾರಮ್ಮನ ಗುಡಿಯನ್ನು ದಾಟಿತು, ಕೊನೆಗೆ ಕೆರೆ ಏರಿಯನ್ನು ಹತ್ತಲಾರದೆ ನಿಂತಿತು. ನಾವಿಬ್ಬರೂ ನಡೆದು ಹಿಂದಕ್ಕೆ ಬಂದಾಗ ಅಪ್ಪ ಇನ್ನೂ ಹಾಗೇ ನಿಂತಿದ್ದರು.

"ಏನ್ ಕಮ್ಲಾ, ಬಂದ್ರೋ, ಇಲ್ಲಾ ಅಂಗೇ ಹೊಂಟ್ಬುಟ್ರೋ?"

ಬ್ರೇಕು ಸರಿಯಾಗುವ ತನಕ ಆ ಕಾರಿನಲ್ಲಿ ಕಾಲಿಡುವುದಿಲ್ಲ ಎಂದು ನಾನು ಅಲ್ಲೇ ಹೇಳಿಬಿಟ್ಟೆ. ಹೆಂಡತಿಯನ್ನು ಬಸ್ಸಿನಲ್ಲಿ ಕರೆದೊಯ್ಯುವುದು ಕಾರಿಗೆ ಮಾಡುವ ಅವಮಾನವೆಂದು ಇವರು ಒಬ್ಬರೇ ಹೊರಟುಹೋದರು.

ಯೋಚಿಸಿ ನೋಡಿ. ರಥದ ವೇಗವನ್ನು ಕೊಂಡಾಡಿದ ಕವಿಗಳು ನಮ್ಮಲ್ಲಿ ಎಷ್ಟೋ ಜನ. ಕುದುರೆಗಳು ಗಾಳಿಯನ್ನು ಹಿಂದೆ ಹಾಕುತ್ತವೆ, ಧೂಳು ಸೂರ್ಯನನ್ನು ಮುಚ್ಚುತ್ತದೆ. ಆದರೆ ಆ ರಥ ಹೇಗೆ ನಿಂತಿತು ಎಂದು ಒಬ್ಬನಾದರೂ ಬರೆದಿದ್ದಾನೆಯೇ? ಅವರ ಹೆಂಡಂದಿರನ್ನು ಕೇಳಿದ್ದರೆ ಬರೆಸುತ್ತಿದ್ದರೇನೋ.

ಇತ್ತ ಮಗಳು ಯಾಕೆ ಬಂದು ಕೂತಿದ್ದಾಳೆಂದು ಕೇಳಿದವರಿಗೆಲ್ಲ ಅಮ್ಮ "ಬ್ರೇಕ್ ಸರಿಯಿಲ್ಲ" ಎನ್ನುತ್ತಿದ್ದರು. ಪಕ್ಕದ ಮನೆಯ ನಿಂಗಮ್ಮ ಅದನ್ನು ಗಂಡಸರ ಯಾವುದೋ ಕಾಯಿಲೆಯೆಂದು ತಿಳಿದು, ಕಣ್ಣಲ್ಲಿ ನೀರು ತುಂಬಿಕೊಂಡು ಬಂದರು.

"ಅಯ್ಯೋ, ಅಳಿಯಂದ್ರಿಗೆ ಈ ವಯಸ್ಗೇ ಬ್ರೇಕು ಹೋಗ್ಬುಟ್ಟೈತಂತಲ್ಲಾ! ಪಟ್ಟನಾಯಕನಹಳ್ಳಿ ಸ್ವಾಮ್ಗೋಳ್ ತಾವ ಒಂದಪ ಕರ್ಕೊಂಡೋಗು ಕಣಮ್ಮ."

ಮುನಿಸಿಲ್ಲ ಎಂದು ಊರಿಗೆಲ್ಲ ಹೇಳಿ ಹೇಳಿ ನನಗೆ ನಿಜವಾಗಿಯೂ ಮುನಿಸು ಬರುವ ಹೊತ್ತಿಗೆ, ಒಂದು ಬೆಳಗ್ಗೆ ಕೆಂಪು ಕಾರು ಬಂದು ಅಪ್ಪನ ಎದುರಿಗೇ ಸರಿಯಾಗಿ ನಿಂತಿತು. ಯಜಮಾನರ ಪಕ್ಕದಲ್ಲಿ ಶಿರಾದ ಮೆಕ್ಯಾನಿಕ್ ಗಫಾರ್ ಸಾಹೇಬರು, ದಿಗ್ವಿಜಯ ಮುಗಿಸಿದ ಸೇನಾಪತಿಯ ಹಾಗೆ ಕುಳಿತಿದ್ದರು. ಬೆಂಗಳೂರಿನಲ್ಲಿ ಅಪಘಾತಕ್ಕೆ ಸಿಕ್ಕಿದ್ದ ಇದೇ ಜಾತಿಯ ಹೊಸ ಕಾರಿನಿಂದ ಡಿಸ್ಕ್ ಬ್ರೇಕುಗಳನ್ನು ಬಿಚ್ಚಿ ತಂದು, ಮುಂದಿನ ಎರಡು ಚಕ್ರಕ್ಕೆ ಕೂರಿಸಿದ್ದರು. ಮೊದಲ ಸಲ ತಿರುಗುಮುರುಗಾಗಿ ಕೂರಿಸಿದ್ದನ್ನು ಮಾತ್ರ ಇಬ್ಬರೂ ಹೇಳಲಿಲ್ಲ. ಅದು ನನಗೆ ಬಹಳ ದಿನಗಳ ಮೇಲೆ ತಿಳಿಯಿತು.

"ನೋಡಿ ಅಮ್ಮಾ," ಎಂದರು ಸಾಹೇಬರು, "ಹಳೇದು ಡ್ರಮ್ಮು, ಒಳಗಿಂದ ಮೆತ್ತಗೆ ಒತ್ತುತ್ತೆ. ಅದು ಅರ್ಜಿ ಇದ್ದಂಗೆ. ಇದು ತಟ್ಟೆ, ಎರಡೂ ಕಡೆಯಿಂದ ಇಕ್ಕಳದ ಹಂಗೆ ಹಿಡೀತದೆ. ಇದು ಹುಕುಂ! ಮುಟ್ಟಿದ್ರೆ ಸಾಕು, ಗಾಡಿ ಖಡಾ!"

ಅಪ್ಪ ಚಕ್ರದ ಸಂದಿಯಲ್ಲಿ ಬಗ್ಗಿ ನೋಡಿ ಒಪ್ಪಿಗೆ ಕೊಟ್ಟರು. ಸಾಹೇಬರು ಬಸ್ಸು ಹಿಡಿದು ಶಿರಾಕ್ಕೆ ಹೋದರು. ಅಮ್ಮ ಮುಡಿಸಿದ ಮಲ್ಲಿಗೆ ದಂಡೆಯೊಂದಿಗೆ ನಾನು ಕಾರು ಹತ್ತಿದೆ.

ಮಧುಗಿರಿಯ ದಾರಿಯಲ್ಲೊಂದು ಇಳಿಜಾರು. ಕುಂಬಳಕಾಯಿ ಹೇರಿಕೊಂಡು ಇಳಿಯುತ್ತಿದ್ದ ಎತ್ತಿನಗಾಡಿಯೊಂದನ್ನು ಹಿಂದೆ ಹಾಕಿ, ಇವರು "ಈಗ ನೋಡು" ಎಂದು ಬ್ರೇಕು ಮುಟ್ಟಿದರು. ಕಾರು ನೆಟ್ಟ ಕಲ್ಲಿನ ಹಾಗೆ ನಿಂತಿತು. ಗಾಡಿ ನಿಲ್ಲಲಿಲ್ಲ. ಧಡ್ ಎಂದು ಎತ್ತುಗಳ ನಡುವೆ ಚಾಚಿಕೊಂಡಿದ್ದ ಅದರ ಮೂಕಿಮರ ಕಾರಿನ ಬೆನ್ನಿಗೆ ಬಂದು ನೆಟ್ಟಿತು. ಕುಂಬಳಕಾಯಿಗಳು ಉರುಳಿ ನಮಗಿಂತ ಮುಂದೆ ಹೋದವು. ನನ್ನ ಕತ್ತಿನ ಮೇಲೆ ಬಿಸಿಯುಸಿರು. ತಿರುಗಿ ನೋಡಿದರೆ ಒಂದು ಎತ್ತು ನನ್ನ ಮಲ್ಲಿಗೆ ದಂಡೆಯನ್ನು ಸಾವಧಾನವಾಗಿ ಮೆಲ್ಲುತ್ತಿತ್ತು.

ಗಾಡಿಯವನು ಕೆಳಗೆ ಹಾರಿದ. "ಏನ್ ಸಾಮಿ, ಇಂಗಾ ನಿಂತ್ಕಳಾದು?"

ಇವರು ಎದ್ದು ನಿಂತು ಕೋಟು ಸರಿಮಾಡಿಕೊಂಡರು. "ಹಿಂದೆ ಬರುವವನು ಅಂತರ ಕಾಯ್ದುಕೊಳ್ಳಬೇಕು ಅಂತ ಕಾನೂನಿದೆಯಪ್ಪ."

"ಕಾನೂನು ನಂಗೇಳಿ, ಕೇಳ್ಕಂತೀನಿ. ಎತ್ಗೋಳು ಓದಿಲ್ಲ ಸಾಮಿ."

ನನಗೆ ನಗು ತಡೆಯಲಾಗಲಿಲ್ಲ. ಇವರು ನನ್ನನ್ನು ನೋಡಿದರು, ದಂಡೆ ತಿನ್ನುತ್ತಿದ್ದ ಎತ್ತನ್ನು ನೋಡಿದರು, ಆಮೇಲೆ ತಾವೂ ನಕ್ಕು ಕೋಟು ಬಿಚ್ಚಿಟ್ಟು ಕುಂಬಳಕಾಯಿ ಆಯಲು ಹೊರಟರು.

ಅಂದಿನಿಂದ ಇವರಿಗೊಂದು ಹೆದರಿಕೆ ಹತ್ತಿತು. ಬ್ರೇಕು ಒತ್ತುವ ಎಷ್ಟೋ ಮೊದಲೇ ಹಿಂದೆ ಮುಂದೆ ನೋಡಿ, ನಿಲ್ಲುತ್ತಿದ್ದೇನೆಂದು ಹಿಂದಿನವರಿಗೆ ತಿಳಿಸಲು ಬಲಗೈಯನ್ನು ಉದ್ದಕ್ಕೆ ಹೊರಚಾಚಿ ಮೇಲೆ ಕೆಳಗೆ ಆಡಿಸುವರು. ಮಧುಗಿರಿಯ ಪೇಟೆಯವರು ಅದನ್ನು ನಮಸ್ಕಾರವೆಂದೇ ತಿಳಿದು, ಅಂಗಡಿಗಳಿಂದ ಎದ್ದು ಪ್ರತಿನಮಸ್ಕಾರ ಮಾಡತೊಡಗಿದರು. ಅಂಥ ಕಾರಿದ್ದರೂ ಎಷ್ಟು ವಿನಯ ಎಂದು ಕೊರಟಗೆರೆ, ಪಾವಗಡದವರೆಗೂ ಸುದ್ದಿಯಾಯಿತು. ಮೊದಮೊದಲು ಇವರು ಮುಜುಗರಪಟ್ಟರು. ಕ್ರಮೇಣ ನಡೆದುಹೋಗುವಾಗಲೂ ಇವರ ಕೈ ತಾನಾಗಿಯೇ ಮೇಲೇಳತೊಡಗಿತು.

ಅದು ನಮಸ್ಕಾರವಲ್ಲ, ಎತ್ತಿಗೆ ಕೊಡುವ ಸೂಚನೆ ಎಂದು ಯಾರಿಗಾದರೂ ಹೇಳಿಬಿಡಬೇಕೆಂದು ನನಗೆ ಬಹಳ ಸಲ ಬಾಯಿಗೆ ಬಂದದ್ದುಂಟು. ಹೇಳಲಿಲ್ಲ. ಅಷ್ಟು ಹೊತ್ತಿಗೆ ಅದು ನಮಸ್ಕಾರವೇ ಆಗಿಬಿಟ್ಟಿತ್ತು.