ನೂರಾ ಮೂವತ್ತೆರಡು ಅರ್ಜಿಗಳ ನಂತರ ಒಂದು ಕುರ್ಚಿ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕ, ಕಿಟಕಿಯಿಲ್ಲದ ಒಂದು ಕೋಣೆ. ಗೋಡೆ ಸಣ್ಣಗೆ ಅದುರುತ್ತಲೇ ಇರುತ್ತದೆ. ಆಕೆ ಹೆಡ್‌ಫೋನ್ ಕಿವಿಗೇರಿಸುವಷ್ಟರಲ್ಲಿ ಮೊದಲ ಕರೆ. ಮೂರನೇ ಮಹಡಿಯ ನರ್ಸ್. ರೋಗಿಗೆ ಔಷಧಿ ಕೊಡುವ ಹೊತ್ತಾಗಿದೆ, ಕಂಪ್ಯೂಟರ್ ತೆರೆದುಕೊಳ್ಳುತ್ತಿಲ್ಲ.

“ಗಾಬರಿ ಬೇಡ ಸಿಸ್ಟರ್. ಮೂರು ಸಲ ತಪ್ಪು ಒತ್ತಿದ್ದಕ್ಕೆ ಮುನಿಸ್ಕೊಂಡಿದೆ ಅಷ್ಟೆ. ನಾನು ಬಿಡಿಸ್ತೀನಿ. ಹಾಂ, ಈಗ ಹೊಸ ಪಾಸ್‌ವರ್ಡ್ ಒತ್ತಿ. ನಿಧಾನಕ್ಕೆ.”

ಎರಡೇ ನಿಮಿಷ. ಇಂಥವು ದಿನಕ್ಕೆ ಎಪ್ಪತ್ತು. ಒಂದು ಕರೆ ಆರು ನಿಮಿಷ ದಾಟಿದರೆ ಗೋಡೆಯ ಪರದೆಯಲ್ಲಿ ಆಕೆಯ ಹೆಸರಿನ ಸಾಲು ಕೆಂಪಾಗುತ್ತದೆ. ಶೌಚಾಲಯಕ್ಕೆ ಹೋಗುವುದಿದ್ದರೂ ಗುಂಡಿ ಒತ್ತಿಯೇ ಏಳಬೇಕು.

ಹೆಲ್ಪ್‌ಡೆಸ್ಕಿನ ಈ ತೀರಾ ಕೆಳಗಿನ ಕೆಲಸ ಹಿಡಿಯಲು ಆಕೆಗೆ ಎರಡು ವರ್ಷ ಬೇಕಾಯಿತು. ವಯಸ್ಸು ನಲವತ್ನಾಲ್ಕು. ಹಳಬರಿಗೆಲ್ಲ ‘ಎಕ್ಸ್‌ಚೇಂಜ್ ಅಕ್ಕ’. ಇದೇ ಆಸ್ಪತ್ರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹತ್ತೊಂಬತ್ತು ವರ್ಷ ಕರೆ ಜೋಡಿಸಿದವರು. ಒಂದು ಸೋಮವಾರ ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಎನ್ನುವ ಯಂತ್ರ ಬಂತು. ನಾಲ್ವರು ಆಪರೇಟರ್‌ಗಳೂ ಮನೆ ಸೇರಿದರು. ಸಿಬ್ಬಂದಿಯ ಕುಟುಂಬಕ್ಕಿದ್ದ ಉಚಿತ ಚಿಕಿತ್ಸೆಯೂ ಅಂದೇ ನಿಂತಿತು.

ಗ್ರಂಥಾಲಯದ ಕಂಪ್ಯೂಟರಿನಲ್ಲಿ ಒಬ್ಬರಿಗೆ ಒಂದು ಗಂಟೆ. ಅಷ್ಟರಲ್ಲೇ ಪಾಠ, ಅಷ್ಟರಲ್ಲೇ ಅರ್ಜಿ. ಗುಜರಿಯಿಂದ ತಂದ ಹಳೆಯ ಯಂತ್ರವೊಂದನ್ನು ಊಟದ ಮೇಜಿನ ಮೇಲೆ ಬಿಚ್ಚಿ ಹರವಿದರು. ವೆಲ್ಡರ್ ಆಗಿದ್ದ ಗಂಡ ಮುಂದೆ ಕೂತು ಒಂದೊಂದೇ ಭಾಗ ಕೈಗೆತ್ತಿಕೊಟ್ಟು, “ಇದೇನು ಹೇಳು” ಎಂದು ಪರೀಕ್ಷೆ ಮಾಡುತ್ತಿದ್ದರು.

ನೂರಾ ಮೂವತ್ತೆರಡು ಅರ್ಜಿ. ಉತ್ತರ ಬಂದದ್ದು ಒಂಬತ್ತಕ್ಕೆ. “ಹೊಸಬರೇ ಬೇಕು ಅಂತಾರೆ. ಆದ್ರೆ ಎರಡು ವರ್ಷ ಅನುಭವ ಇರೋ ಹೊಸಬರು” ಎಂದು ನಗುತ್ತಾರೆ. ಒಂದು ಕಡೆ, ಐದು ವರ್ಷದ ನಂತರ ಎಲ್ಲಿರುತ್ತೀರಿ ಎಂದು ಕೇಳಿದರಂತೆ. “ಆಗ ನನಗೆ ನಲವತ್ಮೂರು. ನಲವತ್ತೆಂಟರಲ್ಲಿ ಅಂದೆ. ಅವರು ನಗಲಿಲ್ಲ.”

ಮುಂದಿನದನ್ನು ಹೇಳುವಾಗ ಆಕೆ ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತುತ್ತಾರೆ. ಗಂಡನಿಗೆ ಕಣ್ಣಿನ ಒತ್ತಡದ ಕಾಯಿಲೆ. ದಿನಕ್ಕೆರಡು ಸಲ ಹನಿ ಹಾಕಿಕೊಳ್ಳಲೇಬೇಕು. ಆಸ್ಪತ್ರೆಯಿಂದ ಉಚಿತವಾಗಿ ಸಿಗುತ್ತಿದ್ದ ಔಷಧಿ ಮುಗಿದಾಗ ಅವರು ಬಾಯಿ ಬಿಡಲಿಲ್ಲ. ಖಾಲಿ ಸೀಸೆಗೆ ಕಾಯಿಸಿ ಆರಿಸಿದ ನೀರು ತುಂಬಿ, ಬೆಳಿಗ್ಗೆ ಸಂಜೆ ಹೆಂಡತಿಯ ಎದುರಿಗೇ ಹಾಕಿಕೊಂಡರು. ಹೀಗೆ ಏಳು ತಿಂಗಳು. ಲೋಟ ತೆಗೆದುಕೊಳ್ಳಲು ಹೋದ ಅವರ ಕೈ ಪಕ್ಕದಲ್ಲಿ ತಡಕಾಡಿದಾಗಲೇ ಆಕೆಗೆ ಅನುಮಾನ ಬಂದದ್ದು. ಎಡಗಣ್ಣು ಹೋಗಿಯಾಗಿತ್ತು. ಹೋದ ದೃಷ್ಟಿ ಮರಳುವುದಿಲ್ಲ ಎಂದರು ವೈದ್ಯರು.

“ಯಾಕೆ ಹೀಗ್ಮಾಡಿದ್ರಿ ಅಂತ ಕೇಳ್ದೆ. ‘ಹೇಳಿದ್ರೆ ನೀನು ಓದು ಬಿಟ್ಟು ಎಲ್ಲಾದ್ರೂ ಪಾತ್ರೆ ತೊಳೆಯೋಕೆ ಹೋಗ್ತಿದ್ದೆ’ ಅಂದ್ರು. ಹೌದು, ಹೋಗ್ತಿದ್ದೆ. ಎರಡು ದಿನ ಅವರ ಜೊತೆ ಮಾತಾಡಲಿಲ್ಲ.”

ಮೂರನೇ ದಿನ ಇದೇ ಕೋಣೆಯಲ್ಲಿ ಸಂದರ್ಶನ. ಮೇಲ್ವಿಚಾರಕರು ಪ್ರಶ್ನೆ ಕೇಳುವ ಗೋಜಿಗೆ ಹೋಗದೆ, ಫೋನಿನಲ್ಲಿ ಕೂಗಾಡುತ್ತಿದ್ದ ಡಾಕ್ಟರೊಬ್ಬರನ್ನು ಆಕೆಗೆ ಒಪ್ಪಿಸಿದರು. ಆಕೆ ಅವರನ್ನು ಮನಸಾರೆ ಬೈಯಲು ಬಿಟ್ಟರು. “ಬೈಗುಳ ಬಿಟ್ಟು ಮಿಕ್ಕಿದ್ದು ಬರ್ಕೊಂಡೆ. ತೊಂದರೆ ಎಲ್ಲಿದೆ ಅಂತ ಅದರಲ್ಲೇ ಇತ್ತು.” ಪ್ರಿಂಟರಿನ ವೈರ್ ಕಳಚಿತ್ತು. ಕೆಲಸ ಸಿಕ್ಕಿತು. ಹನ್ನೊಂದು ತಿಂಗಳ ಗುತ್ತಿಗೆ. ಒಮ್ಮೆ ಮುಂದುವರಿದಿದೆ, ಮತ್ತೆ ಮುಂದುವರಿಯುತ್ತದೋ ಇಲ್ಲವೋ ಯಾರೂ ಹೇಳುತ್ತಿಲ್ಲ. ಚಿಕಿತ್ಸೆಯ ಸೌಲಭ್ಯವಂತೂ ಇದೆ. ಬಲಗಣ್ಣು ಮಾತ್ರ ಹನಿಗೂ ಬಗ್ಗದೆ ಅಂಚಿನಿಂದ ಮಸುಕಾಗುತ್ತಿದೆ.

ಮೇಲಿನ ಹುದ್ದೆಯ ಆಸೆ ಇಲ್ಲವೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ. “ನಾನು ಚೀಲ ಹೆಗಲಿಗೆ ಹಾಕ್ಕೊಂಡು ಹೊರಡೋವಾಗ ಅವರು ಬಾಗಿಲಲ್ಲಿ ನಿಂತು ನೋಡ್ತಾರೆ. ಅವರಿಗೆ ಕಾಣೋವಷ್ಟು ದಿನ ನಾನು ಕೆಲಸಕ್ಕೆ ಹೊರಡೋದೇ ಕಾಣ್ಬೇಕು. ಮನೇಲಿ ಕೂತಿರೋದು ಕಾಣಬಾರದು.”