ಮೊದಲು ಏಳಲೊಪ್ಪದ ಹನ್ನೊಂದು ಮಾಡ್ಯೂಲುಗಳು

ಹಾರ್ಕಿನ್ಸ್ ಲೇಕ್ ಪುರಸಭೆಯ ವರ್ಲಿನ್ ಡ್ರೊಜ್ಡಾಸ್ಕಿ ಹತ್ತೊಂಬತ್ತು ಚಳಿಗಾಲ ಒಂದು ದಿನವೂ ರಜೆ ಹಾಕಲಿಲ್ಲ. ಕರ್ತವ್ಯನಿಷ್ಠೆ ಅಂತೀರಾ? ಮಣ್ಣಾಂಗಟ್ಟಿ! ಬೆಳಿಗ್ಗೆ ಐದಕ್ಕೆ ಅವನು ಬಂದು ಎಬ್ಬಿಸದಿದ್ದರೆ, ಹಿಮ ತೆಗೆಯುವ ಲಾರಿಗಳನ್ನು ಬೀದಿಬೀದಿಗೆ ಅಟ್ಟುವ ಜಾವಾ ಕಂಪ್ಯೂಟರ್ ಪ್ರೋಗ್ರಾಮು ಏಳುತ್ತಲೇ ಇರಲಿಲ್ಲ.

ಅದರೊಳಗೆ ಹನ್ನೊಂದು ಮಾಡ್ಯೂಲು, ಅಂದರೆ ವಿಭಾಗಕ್ಕೊಂದರಂತೆ ಹನ್ನೊಂದು ತುಂಡು. ಯಾವುದಾದ ಮೇಲೆ ಯಾವುದು ಶುರುವಾಗಬೇಕೆಂದು ಆಯಾ ವಿಭಾಗದವರೇ ಬರೆದುಕೊಟ್ಟಿದ್ದರು. ರಸ್ತೆ ನಕ್ಷೆಯ ಮರೀನ್, 'ಲಾರಿಯವರು ಎದ್ದ ಮೇಲೆ ನಾವು' ಎಂದು ಬರೆದಳು. ಲಾರಿ ವಿಭಾಗದ ಗಾರ್ಡ್ ಎಂಬವನು, 'ನಕ್ಷೆಯವರು ಎದ್ದ ಮೇಲೆ ನಾವು' ಎಂದು ಬರೆದ. ಎಂಥ ಮರ್ಯಾದಸ್ಥರು ನೋಡಿ! ಎರಡೂ ಒಂದನ್ನೊಂದು ಕಾಯುತ್ತ ಕೂತವು. ಉಳಿದ ಒಂಬತ್ತು ಇವುಗಳ ಮುಖ ನೋಡುತ್ತ ಕೂತವು. ಕೇಳದೆ ಇನ್ನೊಬ್ಬರು ಬರೆದ ಸಾಲು ತಿದ್ದುವಷ್ಟು ಒರಟನಲ್ಲ ವರ್ಲಿನ್. ದಿನಾ ಕೈಯಾರೆ ನಕ್ಷೆಯನ್ನು ಎಬ್ಬಿಸಿ, ಅದಕ್ಕೊಂದು "ಸಾರಿ" ಹೇಳುತ್ತಿದ್ದ.

ಈಗ ಶನಿವಾರ ದೂರದ ಹ್ಯಾಲಿಫ್ಯಾಕ್ಸಿನಲ್ಲಿ ಮಗಳು ಟೆಸ್ಸಾಳ ಮದುವೆ.

"ಅಪ್ಪಾ, ನೀನು ಬರ್ದಿದ್ರೆ ಚರ್ಚಿನೊಳಗೆ ಅಪ್ಪನ ತೋಳು ಹಿಡ್ಕೊಂಡು ಹೋಗೋ ಬದ್ಲು ನಾನೊಬ್ಳೇ ನಡ್ಕೊಂಡು ಹೋಗ್ತೀನಿ. ಆಮೇಲೆ ನಂಗೆ ಫೋನೂ ಮಾಡ್ಬೇಡ," ಎಂದಿದ್ದಳು.

ಯಾರು ಮೊದಲು ಏಳಬೇಕೆಂದು ತೀರ್ಮಾನಿಸಲು ಬುಧವಾರ ಅವನು ಆ ಇಬ್ಬರ ಸಭೆ ಕರೆದ. ಮರೀನ್ ಬಾಗಿಲು ತೆರೆದು ಹಿಡಿದು ನಿಂತಳು.

"ಹೋಗಿ ಗಾರ್ಡ್."

"ಛೆ ಛೆ, ನೀವು ಮೊದ್ಲು."

"ನಿಮಗೆ ಮೊಣಕಾಲು ನೋವು ಬೇರೆ, ಹೋಗೀಂದ್ರೆ!"

ನಲವತ್ತು ನಿಮಿಷ! ಒಳಗೆ ಕಾಫಿ ಆರಿ ತಣ್ಣಗಾಯಿತು. ವರ್ಲಿನ್‌ನ ಪಿತ್ತ ನೆತ್ತಿಗೇರಿತು. ಇಬ್ಬರ ನಡುವೆ ನುಗ್ಗಿ, ಕಂಪ್ಯೂಟರಿನ ಮುಂದೆ ಕೂತು, ಮರೀನಳ ಸಾಲನ್ನು ಅಳಿಸಿಹಾಕಿದ.

"ಮರೀನ್, ಇನ್ಮೇಲೆ ನಿನ್ನ ನಕ್ಷೆ ಯಾರನ್ನೂ ಕಾಯೋಲ್ಲ. ಗಾರ್ಡ್, ನಿನ್ನ ಲಾರಿ ಅದರ ಹಿಂದೆ. ಮುಗೀತು!"

"ಸಾರಿ," ಎಂದರು ಇಬ್ಬರೂ, ಬಾಗಿಲಲ್ಲೇ ನಿಂತು.

ಶನಿವಾರ ಮಗಳ ಜೊತೆ ಚರ್ಚಿನ ಮೆಟ್ಟಿಲ ಮೇಲಿದ್ದಾಗ ವರ್ಲಿನ್‌ಗೆ ಗಾರ್ಡ್‌ನ ಫೋನು ಬಂತು.

"ಐದಕ್ಕೆ ಸರಿಯಾಗಿ ಹನ್ನೊಂದೂ ತಾವಾಗೇ ಎದ್ವು ಕಣಯ್ಯಾ. ನೀನಿಲ್ದೇನೇ. ಸಾರಿ."

ವರ್ಲಿನ್‌ಗೆ ಖುಷಿಯಾಯಿತು, ಹೊಟ್ಟೆಯೂ ಉರಿಯಿತು. ನಾಲ್ಕು ಪದದ ಒಂದು ಸಾಲಿಗಾಗಿ ಹತ್ತೊಂಬತ್ತು ವರ್ಷ ಹಾಳಾಗಿತ್ತಲ್ಲ! ಮಗಳ ಎಷ್ಟು ಹುಟ್ಟುಹಬ್ಬ ತಪ್ಪಿಸಿಕೊಂಡಿದ್ದ ಎಂದು ಲೆಕ್ಕ ಹಾಕಲೂ ಧೈರ್ಯವಾಗಲಿಲ್ಲ. ಫೋನು ಜೇಬಿಗಿಟ್ಟು, ಅಭ್ಯಾಸಬಲದಿಂದ ಚರ್ಚಿನ ಬಾಗಿಲು ತೆರೆದು ಹಿಡಿದು ಪಕ್ಕಕ್ಕೆ ಸರಿದ.

"ನೀನು ಮೊದ್ಲು ಹೋಗಮ್ಮ."

"ಅಯ್ಯೋ, ಜೊತೆಗೇ ನಡಿಯಪ್ಪಾ!" ಎಂದು ಟೆಸ್ಸಾ ಅವನ ತೋಳು ಹಿಡಿದು ಎಳೆದಳು.

ಇಬ್ಬರೂ ಒಟ್ಟಿಗೆ ಒಳಗೆ ಹೋದರು. ವರ್ಲಿನ್ ಅಳುತ್ತಿದ್ದ, ಆದರೆ ಅದಕ್ಕಾಗಿ ಯಾರಿಗೂ ಸಾರಿ ಹೇಳಲಿಲ್ಲ.