ತಪ್ಪು ತಿರುವು ಹಿಡಿದ ದೊಡ್ಡಕ್ಕ

ಬೆಳಗಿನ ಐದೂವರೆ. ಬಸ್ ಡಿಪೋದ ತೊಳೆಯುವ ಶೆಡ್ಡಿನ ಒದ್ದೆ ನೆಲದ ಮೇಲೆ ನಿಂತ ಆಕೆ, ಎಡಗಂಕುಳಲ್ಲಿ ಬ್ಯಾಗ್‌ಪೈಪಿನ ಚೀಲ ಅವುಚಿಕೊಂಡು ಊದುಕೊಳವೆಗೆ ಬಾಯಿಡುತ್ತಾರೆ. ಮೊದಲು ಒಂದು ನರಳಾಟ. ಆಮೇಲೆ ಹೆಗಲ ಮೇಲಿನ ಮೂರು ಕೊಳವೆಗಳೂ ಒಟ್ಟಿಗೆ ಗುಂಯ್‌ಗುಡುತ್ತವೆ. ಕಾವಲುಗಾರ ಕಿವಿಗೆ ಮಫ್ಲರ್ ಬಿಗಿದುಕೊಳ್ಳುತ್ತಾನೆ. ಚಳಿಗಲ್ಲ.

ದಿನಕ್ಕೆ ಇಪ್ಪತ್ತೆರಡು ಬಸ್ಸು ತೊಳೆಯುವ, ಐವತ್ತೊಂದು ವರ್ಷದ ಇವರು ಡಿಪೋಗೆಲ್ಲ ದೊಡ್ಡಕ್ಕ. ಒಂಬತ್ತು ವರ್ಷದ ಹಿಂದೆ ಹೊಸ ಸಮವಸ್ತ್ರ ಕೊಡುತ್ತಾರೆಂದು ನಿಂತ ಸಾಲು, ನೌಕರರ ಬ್ಯಾಗ್‌ಪೈಪ್ ಬ್ಯಾಂಡಿಗೆ ಸೇರುವವರದ್ದಾಗಿತ್ತು. “ಅಳತೆ ತಗೋತಾರೆ ಅಂದ್ಕೊಂಡ್ರೆ, ಊದು ಅಂದ್ರು. ಬೇಡ ಅನ್ನೋಕೆ ನಾಚಿಕೆ ಆಯ್ತು, ಊದ್ದೆ.”

ಮೊದಲ ವರ್ಷವಿಡೀ ಅಭ್ಯಾಸಕ್ಕೆ ಚೀಲವಿಲ್ಲದ ಬರೀ ಕೊಳವೆ. ಸೋಪಿನ ನೀರಿಗೆ ಬಿರಿದ ಬೆರಳುಗಳು ರಂಧ್ರ ಸರಿಯಾಗಿ ಮುಚ್ಚದೆ ಗಾಳಿ ಸೋರುತ್ತಿತ್ತು. ರಾತ್ರಿ ಎಣ್ಣೆ ಹಚ್ಚಿ ಮಲಗುವುದು ಆಗ ಶುರುವಾದ ಅಭ್ಯಾಸ. ಆ ಸದ್ದಿಗೆ ಮನೆಯಲ್ಲಿ ಎಮ್ಮೆ ಕಟ್ಟಿದ ಹಾಗಾಯಿತೆಂದು ಗಂಡ ಗೊಣಗಿದರಂತೆ. ಈಗ ಚೀಲದ ಹೊದಿಕೆ ಹೊಲಿದುಕೊಡುವವರೂ ಅವರೇ.

ಹೋದ ತಿಂಗಳು ಒಂದು ಬೆಳಿಗ್ಗೆ, ಅತಿಥಿಗಳು ಕಾದಿದ್ದ ಮೈದಾನಕ್ಕೆ ಡಿಪೋದ ವಾರ್ಷಿಕ ಮೆರವಣಿಗೆ. ನಡುದಾರಿಯಲ್ಲಿ ಬ್ಯಾಂಡ್ ಮಾಸ್ತರರಿಗೆ ಕೆಮ್ಮು ಹತ್ತಿಕೊಂಡಿತು. ಮುಂದೆ ಹೋಗಿ ಎಂದು ದೊಡ್ಡಕ್ಕನಿಗೆ ಕೈ ಮಾಡಿ ಪಕ್ಕಕ್ಕೆ ಸರಿದರು. ವೃತ್ತದಲ್ಲಿ ಎಡಕ್ಕೆ ತಿರುಗಬೇಕಿತ್ತು. ಗಾಬರಿಯಲ್ಲಿ ಇವರು ಬಲಕ್ಕೆ ತಿರುಗಿದರು. ಹಿಂದಿದ್ದ ಹದಿಮೂರೂ ಜನ ಬಲಕ್ಕೇ ತಿರುಗಿದರು. ಎದುರಿಗೆ ಕಿರಿದಾದ ಓಣಿ, ಅಡ್ಡಡ್ಡ ಒಣಹಾಕಿದ ಬಟ್ಟೆ. ಡೋಲಿನವರು ಒದ್ದೆ ಚಾದರದಡಿ ತಲೆ ತಗ್ಗಿಸಿ ಬಾರಿಸುತ್ತಲೇ ನಡೆದರು. ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಜನ ಬಾಗಿಲಿಗೆ ಬಂದರು. ಮೈದಾನ ಮುಟ್ಟಿದಾಗ ಅತಿಥಿಗಳು ಎದ್ದುಹೋಗಿ, ಆಳುಗಳು ಕುರ್ಚಿ ಮಡಚುತ್ತಿದ್ದರು.

ಮರುದಿನ ಕ್ಷಮಾಪಣೆ ಪತ್ರದ ಜೊತೆ ಪೈಪನ್ನೂ ಒಪ್ಪಿಸಲು ಹೋದರೆ, ಮಾಸ್ತರರು ಪತ್ರ ಓದಿ ಜೇಬಿಗಿಟ್ಟುಕೊಂಡರು. ಇನ್ನು ಮೇಲೆ ಯಾವಾಗಲೂ ನೀವೇ ಮುಂದೆ ಎಂದರು.

“ದಾರಿ ತಪ್ಪಿಸಿದವಳನ್ನ ಯಾರಾದ್ರೂ ಮುಂದೆ ನಿಲ್ಲಿಸ್ತಾರಾ? ನೀವೇ ಹೇಳಿ,” ಎಂದು ನನ್ನನ್ನು ಕೇಳುತ್ತಾರೆ. ದಾರಿ ಗೊತ್ತಿದ್ದ ಹದಿಮೂರು ಜನರನ್ನೂ ಆಕೆ ಒಬ್ಬೊಬ್ಬರನ್ನಾಗಿ, ಯಾಕೆ ನನ್ನ ಹಿಂದೆ ಬಂದಿರೆಂದು ವಿಚಾರಿಸಿದ್ದಾರೆ. ನಿಮ್ಮ ಉಸಿರು ಎಲ್ಲೂ ತಡವರಿಸಲಿಲ್ಲ, ಹಾಗಾಗಿ ಕಾಲು ತಾನಾಗೇ ಹಿಂದೆ ಬಂತು ಎಂದನಂತೆ ಡೋಲಿನವನೊಬ್ಬ. ಅದೂ ಇವರಿಗೆ ಪೂರ್ತಿ ಅರ್ಥವಾಗಿಲ್ಲ.

ಏನಾದರೂ ಆಸೆ ಇದೆಯೇ ಎಂದರೆ, ಕೊಳವೆಯ ಬಾಯಿ ಒರೆಸುತ್ತಾ ಹೇಳುತ್ತಾರೆ.

“ಆ ಓಣಿಗೆ ಅವತ್ತಿನವರೆಗೆ ಯಾವ ಬ್ಯಾಂಡೂ ಬಂದಿರಲಿಲ್ವಂತೆ. ಇನ್ನೊಂದ್ ಸಲ ಕರ್ಕೊಂಡ್ ಹೋಗ್ಬೇಕು. ಈ ಸಲ ಗೊತ್ತಿದ್ದೇ.”